ಹಳೇ ಸರ್ವರ್ ನಿಲ್ಲಿಸಿದ ಸಂಜೆಯೇ ಬಾಟ್ ಯಾಕೆ ಸುಮ್ಮನಾಯಿತು?

ಓದುಗರ ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಪೈಪು, ಫಿಟಿಂಗ್ಸ್ ಹೋಲ್‌ಸೇಲ್ ವ್ಯಾಪಾರ. ಅಂಗಡಿಯವರು ಟೆಲಿಗ್ರಾಂ ಬಾಟ್‌ಗೆ ಆರ್ಡರ್ ಹಾಕುತ್ತಾರೆ, ಅದು ಗೂಗಲ್ ಶೀಟ್‌ಗೆ ಹೋಗುತ್ತದೆ, ಬೆಳಿಗ್ಗೆ 9ಕ್ಕೆ ಗೋಡೌನ್‌ನವರಿಗೆ ಪಟ್ಟಿ ಹೋಗುತ್ತದೆ. ಎಲ್ಲವನ್ನೂ ಒಬ್ಬ ಫ್ರೀಲ್ಯಾನ್ಸರ್ ಎನ್8ಎನ್ ಎಂಬ, ಆ್ಯಪ್‌ಗಳನ್ನು ಜೋಡಿಸಿ ಕೆಲಸ ತಾನಾಗಿ ನಡೆಯುವಂತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟಿದ್ದರು. ಇಂಥ ತಾನಾಗಿ ನಡೆಯುವ ಕೆಲಸದ ಸರಣಿಗಳು, ಅಂದರೆ ವರ್ಕ್‌ಫ್ಲೋಗಳು, ಒಟ್ಟು 30ಕ್ಕೂ ಹೆಚ್ಚಿವೆ. ಈಗ ಬೇರೆ ಸರ್ವರ್‌ಗೆ, ಎಸ್‌ಕ್ಯೂಲೈಟ್ ಡೇಟಾಬೇಸಿನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬದಲಾಗುತ್ತಿದ್ದೇವೆ. ನಾನು ಒಂದೊಂದೇ ಫೈಲ್ ಡೌನ್‌ಲೋಡ್ ಮಾಡಿ ಹೊಸದರಲ್ಲಿ ಇಂಪೋರ್ಟ್ ಮಾಡಿದೆ. ಪಾಸ್‌ವರ್ಡ್, ಟೋಕನ್ ಒಂದೂ ಬರಲಿಲ್ಲ, ಕೈಯಲ್ಲೇ ತುಂಬುತ್ತಿದ್ದೇನೆ. ಒಂದು ವರ್ಕ್‌ಫ್ಲೋ ಇನ್ನೊಂದನ್ನು ಕರೆಯುವ ಕಡೆಯೆಲ್ಲ ‘ಸಿಗುತ್ತಿಲ್ಲ’ ಎಂಬ ತಪ್ಪು ಬರುತ್ತಿದೆ. 9ರ ಪಟ್ಟಿ ಸಂಜೆ ಆರೂವರೆಗೆ ಬಂತು. ಎಲ್ಲಕ್ಕಿಂತ ವಿಚಿತ್ರ ಎಂದರೆ ಬಾಟ್. ಹೊಸ ಸರ್ವರ್‌ನಲ್ಲಿ ಮಧ್ಯಾಹ್ನವೆಲ್ಲ ಚೆನ್ನಾಗಿ ನಡೆಯಿತು. ಸಂಜೆ ಹಳೆಯದರಲ್ಲಿ ಎಲ್ಲವನ್ನೂ ಆಫ್ ಮಾಡಿ ಸರ್ವರ್ ನಿಲ್ಲಿಸಿದೆ, ಆ ಕ್ಷಣದಿಂದ ಬಾಟ್ ಸತ್ತಂತಾಗಿದೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಸಾಗಿಸುವ ಸರಿಯಾದ ದಾರಿ ಯಾವುದು?

ಉತ್ತರ:

ಮೊದಲು ಬಾಟ್ ಎಬ್ಬಿಸೋಣ, ಅಂಗಡಿಯವರು ಕಾಯುತ್ತಿರುತ್ತಾರೆ. ಹೊಸ ಸರ್ವರ್‌ನಲ್ಲಿ ಆ ಬಾಟ್‌ನ ವರ್ಕ್‌ಫ್ಲೋ ತೆರೆಯಿರಿ, ಒಮ್ಮೆ ಆಫ್ ಮಾಡಿ, ಮತ್ತೆ ಆನ್ ಮಾಡಿ. ನಿಮ್ಮ ಆವೃತ್ತಿಯಲ್ಲಿ ಆನ್-ಆಫ್ ಗುಂಡಿಯ ಬದಲು ಪಬ್ಲಿಷ್ ಎಂದಿದ್ದರೆ ಅದನ್ನೇ ಹಿಂತೆಗೆದು ಮತ್ತೆ ಒತ್ತಿ. ಅಷ್ಟೇ ಸಾಕು.

ಆಗಿದ್ದು ಇಷ್ಟು. ಟೆಲಿಗ್ರಾಂನ ಒಂದು ಬಾಟ್‌ಗೆ ಒಂದೇ ವೆಬ್‌ಹುಕ್ ವಿಳಾಸ. ಸಂದೇಶ ಬಂದರೆ ಎಲ್ಲಿಗೆ ಕಳಿಸಬೇಕು ಎಂದು ಅವರ ಹತ್ತಿರ ಬರೆದಿಟ್ಟಿರುವ ವಿಳಾಸ ಅದು. ಮಧ್ಯಾಹ್ನ ನೀವು ಹೊಸ ಸರ್ವರ್‌ನಲ್ಲಿ ಆನ್ ಮಾಡಿದಾಗ ಎನ್8ಎನ್ ಟೆಲಿಗ್ರಾಂಗೆ ತನ್ನ ವಿಳಾಸ ಕೊಟ್ಟಿತು, ಹಳೆಯ ವಿಳಾಸ ಅಳಿಸಿಹೋಯಿತು. ಸಂಜೆ ಹಳೆಯದನ್ನು ಆಫ್ ಮಾಡಿದಿರಿ. ಅದು ಹೋಗುವ ಮುಂಚೆ ಶಿಸ್ತಾಗಿ ಟೆಲಿಗ್ರಾಂಗೆ ‘ಈ ಬಾಟ್‌ನ ವೆಬ್‌ಹುಕ್ ತೆಗೆದುಬಿಡಿ’ ಎಂದು ಹೇಳಿ ಹೋಯಿತು. ಅಲ್ಲಿ ಈಗ ಇರುವುದು ಹೊಸ ಮನೆಯ ವಿಳಾಸ ಎಂದು ಅದಕ್ಕೇನು ಗೊತ್ತು? ಟೋಕನ್ ಒಂದೇ ಆದ್ದರಿಂದ ಟೆಲಿಗ್ರಾಂ ಕೂಡ ಪ್ರಶ್ನಿಸದೆ ತೆಗೆದುಹಾಕಿತು. ಹೊಸ ಸರ್ವರ್‌ನಲ್ಲಿ ಗುಂಡಿ ಹಸಿರಾಗಿಯೇ ಇದೆ, ತಪ್ಪಿನ ಸಂದೇಶವಿಲ್ಲ, ಲಾಗ್‌ನಲ್ಲಿ ಏನೂ ಇಲ್ಲ. ಯಾರೂ ಬಾಗಿಲು ತಟ್ಟದಿದ್ದರೆ ಲಾಗ್‌ನಲ್ಲಿ ಏನು ತಾನೇ ಬಂದೀತು.

ಆದ್ದರಿಂದ ಕ್ರಮ ಯಾವಾಗಲೂ ಇದೇ: ಹಳೆಯದನ್ನು ಮೊದಲು ಆಫ್ ಮಾಡಿ, ಆಮೇಲೆ ಹೊಸದನ್ನು ಆನ್ ಮಾಡಿ. ನಡುವೆ ಹತ್ತು ನಿಮಿಷ ಬಾಟ್ ನಿಂತರೆ ಆರ್ಡರ್ ಕಳೆದುಹೋಗುತ್ತದೆಂಬ ಭಯ ಬೇಡ. ತಲುಪಿಸಲಾಗದ ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತದೆ, ಹೊಸ ವಿಳಾಸ ಸಿಕ್ಕ ಕೂಡಲೇ ಸುರಿಯುತ್ತದೆ. ಸೇವೆ ಒಂದು ಕ್ಷಣವೂ ನಿಲ್ಲಬಾರದೆಂದು ಎರಡನ್ನೂ ಒಟ್ಟಿಗೆ ಓಡಿಸಲು ಹೋಗುವವರೇ ಹೆಚ್ಚು ಪೆಟ್ಟು ತಿನ್ನುವುದು. ವೆಬ್‌ಹುಕ್ ಈಗ ಎಲ್ಲಿಗೆ ತೋರುತ್ತಿದೆ ಎಂದು ನೋಡಲು ಟೆಲಿಗ್ರಾಂನ ಬಾಟ್ ಎಪಿಐಯಲ್ಲಿ ‘ಗೆಟ್ ವೆಬ್‌ಹುಕ್ ಇನ್ಫೋ’ ಎಂಬ ಕರೆ ಇದೆ. ಬ್ರೌಸರ್‌ನಲ್ಲೇ ನೋಡಬಹುದು. ವಿಳಾಸದ ಜಾಗ ಖಾಲಿ ಇದ್ದರೆ ನಿಮ್ಮ ಕಥೆಯೇ ಆಗಿದೆ ಎಂದರ್ಥ.

ಈಗ ಗಂಟಿನ ವಿಷಯ. ಎಲ್ಲವೂ ಒಳಗಿರುವ ಒಂದೇ ಗಂಟು ಎನ್8ಎನ್‌ನಲ್ಲಿ ಸಿಗುವುದಿಲ್ಲ, ಅದಕ್ಕೆ ಕಾರಣವೂ ಇದೆ. ನೀವು ಡೌನ್‌ಲೋಡ್ ಮಾಡಿದ ಜೇಸನ್ ಫೈಲ್ ಅಡುಗೆ ಮಾಡುವ ವಿಧಾನ ಬರೆದ ಚೀಟಿ ಇದ್ದ ಹಾಗೆ. ಯಾವ ನೋಡ್ (ವರ್ಕ್‌ಫ್ಲೋದ ಒಂದು ಹೆಜ್ಜೆ) ಆದಮೇಲೆ ಯಾವ ನೋಡ್, ಯಾವುದಕ್ಕೆ ಏನು ಸೆಟ್ಟಿಂಗ್, ಅಷ್ಟೇ ಅದರಲ್ಲಿದೆ. ಒಲೆ, ಪಾತ್ರೆ, ದಿನಸಿ, ಮನೆಯ ಬೀಗದ ಕೈ ಎಲ್ಲ ಬೇರೆ ಕಡೆ ಇವೆ. ನಿಮ್ಮ ನಾಲ್ಕು ತೊಂದರೆಗಳೂ ಚೀಟಿಯಲ್ಲಿ ಇಲ್ಲದ ವಸ್ತುಗಳಿಂದಲೇ ಬಂದಿವೆ.

ಬೀಗದ ಕೈಯಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಎನ್8ಎನ್ ಮೊದಲ ಸಲ ಶುರುವಾದಾಗ ತಾನೇ ಒಂದು ಎನ್‌ಕ್ರಿಪ್ಷನ್ ಕೀ ಹುಟ್ಟಿಸಿಕೊಳ್ಳುತ್ತದೆ. ನೀವು ಹಾಕುವ ಪ್ರತಿಯೊಂದು ಪಾಸ್‌ವರ್ಡ್, ಟೋಕನ್, ಎಪಿಐ ಕೀ ಡೇಟಾಬೇಸಿಗೆ ಹೋಗುವ ಮುಂಚೆ ಅದರಿಂದ ಬೀಗ ಹಾಕಿಸಿಕೊಳ್ಳುತ್ತದೆ. ಆ ಕೀ ಮಾತ್ರ ಡೇಟಾಬೇಸಿನಲ್ಲಿ ಇರುವುದಿಲ್ಲ. ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ‘.ಎನ್8ಎನ್’ ಎಂಬ ಮರೆಯಾದ ಫೋಲ್ಡರ್ ಇರುತ್ತದೆ, ಅದರೊಳಗೆ ‘ಕಾನ್ಫಿಗ್’ ಎಂಬ ಸಣ್ಣ ಫೈಲಿನಲ್ಲಿ ಕೂತಿರುತ್ತದೆ. ಡಾಕರ್‌ನಲ್ಲಾದರೆ (ಸಾಫ್ಟ್‌ವೇರನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಅದು ‘ಹೋಮ್/ನೋಡ್’ ಒಳಗಿನ ‘.ಎನ್8ಎನ್’. ಯಾರೂ ಕೇಳುವುದಿಲ್ಲ, ಯಾರಿಗೂ ಕಾಣುವುದಿಲ್ಲ, ಹಾಗಾಗಿ ಯಾರೂ ಬ್ಯಾಕಪ್ ತೆಗೆಯುವುದಿಲ್ಲ.

ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಗೆಳೆಯರೊಬ್ಬರ ಕಚೇರಿಗೆ ಡಾಕರ್‌ನಲ್ಲಿ ಎನ್8ಎನ್ ಹಾಕಿಕೊಟ್ಟಿದ್ದೆ, ಡೇಟಾಬೇಸ್ ಹೊರಗೆ ಪೋಸ್ಟ್‌ಗ್ರೆಸ್‌ನಲ್ಲಿತ್ತು. ಎಲ್ಲ ಡೇಟಾಬೇಸಿನಲ್ಲೇ ಇದೆಯಲ್ಲ ಎಂದು ಕಂಟೇನರಿಗೆ ವಾಲ್ಯೂಮ್, ಅಂದರೆ ಅದು ಅಳಿದರೂ ಉಳಿಯುವ ಜಾಗ, ಕೊಟ್ಟಿರಲಿಲ್ಲ. ಆವೃತ್ತಿ ಏರಿಸಲು ಹಳೆಯ ಕಂಟೇನರ್ ತೆಗೆದು ಹೊಸದನ್ನು ಎಬ್ಬಿಸಿದೆ. ಹೊಸ ಕಂಟೇನರ್ ಹೊಸ ಕೀ ಹುಟ್ಟಿಸಿಕೊಂಡಿತು. ವರ್ಕ್‌ಫ್ಲೋಗಳೆಲ್ಲ ಇದ್ದವು, ಕ್ರೆಡೆನ್ಷಿಯಲ್‌ಗಳ (ಉಳಿಸಿಟ್ಟ ಪಾಸ್‌ವರ್ಡ್, ಟೋಕನ್‌ಗಳ) ಹೆಸರೂ ಇದ್ದವು, ಒಂದನ್ನೂ ತೆರೆಯಲು ಆಗಲಿಲ್ಲ. ಬ್ಯಾಕಪ್ ಇತ್ತು, ಬ್ಯಾಕಪ್‌ನಲ್ಲಿ ಇದ್ದದ್ದೂ ಬೀಗ ಹಾಕಿದ ಪೆಟ್ಟಿಗೆಗಳೇ. ಎರಡು ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಪಾಸ್‌ವರ್ಡ್ ಕೇಳುವ ಕೆಲಸ ಇದೆಯಲ್ಲ, ಅದು ಬುದ್ಧಿ ಕಲಿಸುತ್ತದೆ.

ಇದು ಎನ್8ಎನ್ ಒಂದರ ಗುಣವಲ್ಲ. ಇಂಥದ್ದೇ ಕೆಲಸಕ್ಕೆ 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ ನೋಡ್-ರೆಡ್‌ನಲ್ಲಿ ಫ್ಲೋಗಳು ಒಂದು ಫೈಲಿನಲ್ಲಿ, ಬೀಗ ಹಾಕಿದ ಕ್ರೆಡೆನ್ಷಿಯಲ್‌ಗಳು ಇನ್ನೊಂದು ಫೈಲಿನಲ್ಲಿ, ಬೀಗದ ಕೈ ಮೂರನೆಯ ಕಡೆ. ಈ ಜಾತಿಯ ಇನ್ನೊಂದು ಸಾಫ್ಟ್‌ವೇರ್ ಆದ ಅಪಾಚೆ ಏರ್‌ಫ್ಲೋನಲ್ಲಿ ಅದೇ ಕೈಗೆ ಫರ್ನೆಟ್ ಕೀ ಎಂದು ಹೆಸರು. ಪೆಟ್ಟಿಗೆಯನ್ನೂ ಕೀಲಿಯನ್ನೂ ಒಂದೇ ಚೀಲದಲ್ಲಿ ಹಾಕಿ ಕಳಿಸಬಾರದೆಂಬ ಲೆಕ್ಕಾಚಾರ ಎಲ್ಲ ಕಡೆಯೂ ಒಂದೇ. ಲೆಕ್ಕಾಚಾರ ಸರಿ, ಸಾಗಿಸುವವನಿಗೆ ಅದನ್ನು ಮೊದಲೇ ಯಾರೂ ಹೇಳುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ನಿಮ್ಮ ಹಳೆಯ ಸರ್ವರ್ ಇನ್ನೂ ಇದೆ, ನಿಲ್ಲಿಸಿದ್ದೀರಷ್ಟೇ. ಹಾಗಾದರೆ ಕೈಯಲ್ಲಿ ತುಂಬುವುದನ್ನು ಇಲ್ಲಿಗೇ ಬಿಡಿ. ಹೊಸ ಸರ್ವರ್‌ನಲ್ಲಿ ಮಾಡಿದ್ದನ್ನು ಒಂದು ಭಾನುವಾರ ಪೂರ್ತಿ ಅಳಿಸಿ ಮೊದಲಿನಿಂದ ಮಾಡಿ ಎಂದೇ ನನ್ನ ಸಲಹೆ. ಕೇಳಲು ಬೇಸರ ಎನಿಸಬಹುದು, ಆದರೆ ಅರ್ಧ ಕೈಯಲ್ಲಿ, ಅರ್ಧ ಇಂಪೋರ್ಟ್‌ನಲ್ಲಿ ಆದ ಸರ್ವರ್ ಇನ್ನೊಂದು ವರ್ಷ ಕಾಡುತ್ತದೆ. ವಾರದ ದಿನಗಳಲ್ಲಿ ಬಾಟ್ ಈಗಿರುವ ಹಾಗೇ ನಡೆಯಲಿ.

ಆ ಭಾನುವಾರ ಹೊಸ ಸರ್ವರ್ ಮುಟ್ಟುವ ಮುಂಚೆ ಹಳೆಯದನ್ನು ಓದಬೇಕು. ಅದನ್ನು ಮತ್ತೆ ಶುರು ಮಾಡುವುದಕ್ಕೆ ಭಯ ಬೇಡ, ವರ್ಕ್‌ಫ್ಲೋಗಳೆಲ್ಲ ಆಫ್ ಆಗಿವೆ. ಎನ್8ಎನ್ ಯಾವ ಆವೃತ್ತಿ ಎಂದು ಬರೆದುಕೊಳ್ಳಿ. ಕಾನ್ಫಿಗ್ ಫೈಲಿನಿಂದ ಕೀಯನ್ನು ನಕಲು ಮಾಡಿ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಬೇಡಿ. ಸೆಟ್ಟಿಂಗ್ಸ್‌ನಲ್ಲಿ ಕಮ್ಯುನಿಟಿ ನೋಡ್ಸ್ ಎಂಬ ಪುಟದಲ್ಲಿ ಏನೇನಿದೆ ನೋಡಿ. ಹೊರಗಿನವರು ಬರೆದ ನೋಡ್‌ಗಳನ್ನು ಫ್ರೀಲ್ಯಾನ್ಸರ್ ಬಳಸಿದ್ದರೆ ಅವನ್ನೂ ಹೊಸದರಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಜೇಸನ್ ಫೈಲಿನಲ್ಲಿ ಅವುಗಳ ಹೆಸರು ಮಾತ್ರ ಬರುತ್ತದೆ, ನೋಡ್ ಬರುವುದಿಲ್ಲ. ಕೊನೆಗೆ ಡಾಕರ್ ಕಂಪೋಸ್ ಫೈಲಿನಲ್ಲಿರುವ (ಸರ್ವರ್ ಹೇಗೆ ಶುರುವಾಗಬೇಕೆಂದು ಬರೆದಿಟ್ಟ ಫೈಲ್) ಎನ್ವಿರಾನ್‌ಮೆಂಟ್ ಸಾಲುಗಳನ್ನು, ಅಂದರೆ ಸರ್ವರ್‌ನ ಸೆಟ್ಟಿಂಗ್‌ಗಳನ್ನು, ಒಂದೂ ಬಿಡದೆ ತೆಗೆದಿಟ್ಟುಕೊಳ್ಳಿ. ನಿಮ್ಮ ಆರೂವರೆಯ ಪಟ್ಟಿಗೆ ಉತ್ತರ ಅಲ್ಲೇ ಇದೆ.

ಎನ್8ಎನ್‌ಗೆ ಸಮಯವಲಯ ಹೇಳದಿದ್ದರೆ ಅದು ತಾನು ನ್ಯೂಯಾರ್ಕ್‌ನಲ್ಲಿದ್ದೇನೆ ಎಂದುಕೊಳ್ಳುತ್ತದೆ. (ಇದನ್ನು ಮಾಡಿದವರು ಬರ್ಲಿನ್‌ನವರು, ಯಾನ್ ಓಬರ್‌ಹೌಸರ್ 2019ರಲ್ಲಿ ಹೊರತಂದದ್ದು, ಆದರೂ ಗಡಿಯಾರ ನ್ಯೂಯಾರ್ಕ್‌ನದ್ದು.) ಅಲ್ಲಿ ಬೇಸಿಗೆಯ ಗಡಿಯಾರ ನಡೆಯುವ ತಿಂಗಳುಗಳಲ್ಲಿ ಬೆಳಿಗ್ಗೆ 9 ಎಂದರೆ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಹಳೆಯ ಸರ್ವರ್‌ನ ಕಂಪೋಸ್ ಫೈಲಿನಲ್ಲಿ ‘ಜೆನೆರಿಕ್ ಟೈಮ್‌ಝೋನ್’ ಎಂಬ ಸಾಲು ‘ಏಷ್ಯಾ/ಕೋಲ್ಕತಾ’ ಎಂದು ಇದ್ದಿರಬೇಕು. ಅದು ವರ್ಕ್‌ಫ್ಲೋಗೆ ಸೇರಿದ್ದಲ್ಲ, ಸರ್ವರ್‌ಗೆ ಸೇರಿದ್ದು, ಹಾಗಾಗಿ ಹಿಂದೆಯೇ ಉಳಿಯಿತು. ಹೊಸದರಲ್ಲೂ ಹಾಕಿ. ಸಮಯ ಮುಖ್ಯವಾದ ವರ್ಕ್‌ಫ್ಲೋಗಳಿಗೆ ಅವುಗಳ ಸ್ವಂತ ಸೆಟ್ಟಿಂಗ್ಸ್‌ನಲ್ಲೂ ಟೈಮ್‌ಝೋನ್ ಹಾಕಿಬಿಡಿ. ಆ ಸೆಟ್ಟಿಂಗ್ ಫೈಲಿನ ಜೊತೆ ಹೋಗುತ್ತದೆ, ಮುಂದಿನ ಸಲ ಯಾರಾದರೂ ಮರೆತರೂ ಗೋಡೌನ್‌ನವರಿಗೆ ಪಟ್ಟಿ ಬೆಳಿಗ್ಗೆಯೇ ಸಿಗುತ್ತದೆ.

ಇನ್ನು ‘ಸಿಗುತ್ತಿಲ್ಲ’ ಎಂಬ ತಪ್ಪು. ಒಂದು ವರ್ಕ್‌ಫ್ಲೋ ಇನ್ನೊಂದನ್ನು ಕರೆಯುವುದು ಹೆಸರಿನಿಂದಲ್ಲ, ಐಡಿಯಿಂದ. ನೀವು ಪರದೆಯ ಮೂಲಕ ಒಂದೊಂದಾಗಿ ಇಂಪೋರ್ಟ್ ಮಾಡಿದಾಗ ಪ್ರತಿಯೊಂದಕ್ಕೂ ಹೊಸ ಐಡಿ ಸಿಕ್ಕಿತು. ಕರೆಯುವವನ ಕೈಯಲ್ಲಿ ಮಾತ್ರ ಹಳೆಯ ಐಡಿ ಹಾಗೇ ಉಳಿಯಿತು. ಹೆಸರು ಒಂದೇ ಇರುವುದರಿಂದ ನಿಮ್ಮ ಕಣ್ಣಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ: ಏನಾದರೂ ಕೆಟ್ಟರೆ ನಿಮಗೆ ಸುದ್ದಿ ಮುಟ್ಟಿಸುವ ‘ಎರರ್ ವರ್ಕ್‌ಫ್ಲೋ’ ಕೂಡ ಸೆಟ್ಟಿಂಗ್ಸ್‌ನಲ್ಲಿ ಐಡಿಯಿಂದಲೇ ಗುರುತಾಗಿರುತ್ತದೆ. ಅದು ತಪ್ಪಿದರೆ ಯಾವ ಕೆಂಪು ಗುರುತೂ ಕಾಣುವುದಿಲ್ಲ. ಎಂದೋ ಒಂದು ದಿನ ಏನೋ ಕೆಡುತ್ತದೆ, ಎಚ್ಚರಿಕೆ ಬರುವುದಿಲ್ಲ.

ಪರದೆಯ ಬದಲು ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಬಳಸಿದರೆ ಈ ಸಮಸ್ಯೆಯೇ ಇಲ್ಲ. ಎನ್8ಎನ್ ಜೊತೆಗೇ ‘ಎಕ್ಸ್‌ಪೋರ್ಟ್:ವರ್ಕ್‌ಫ್ಲೋ’, ‘ಎಕ್ಸ್‌ಪೋರ್ಟ್:ಕ್ರೆಡೆನ್ಷಿಯಲ್ಸ್’ ಎಂಬ ಎರಡು ಕಮಾಂಡ್ ಬರುತ್ತವೆ, ಅವಕ್ಕೆ ಜೋಡಿಯಾಗಿ ‘ಇಂಪೋರ್ಟ್’ನವು ಎರಡು. ಎಕ್ಸ್‌ಪೋರ್ಟ್‌ಗೆ ‘ಬ್ಯಾಕಪ್’ ಎಂಬ ಆಯ್ಕೆ ಕೊಟ್ಟರೆ ಒಂದೊಂದೂ ತನ್ನ ಐಡಿಯ ಹೆಸರಿನಲ್ಲೇ ಪ್ರತ್ಯೇಕ ಫೈಲಾಗಿ ಬರುತ್ತದೆ. ಇಂಪೋರ್ಟ್ ಮಾಡುವಾಗ ‘ಸೆಪರೇಟ್’ ಎಂಬ ಆಯ್ಕೆ ಹಾಕಿ ಆ ಫೋಲ್ಡರ್ ತೋರಿಸಿದರೆ ಆಯಿತು. ಐಡಿಗಳು ಇದ್ದ ಹಾಗೇ ಹೋಗುತ್ತವೆ, ಒಂದನ್ನೊಂದು ಕರೆಯುವ ಕೊಂಡಿಗಳೂ ಉಳಿಯುತ್ತವೆ. ಇದರ ಇನ್ನೊಂದು ಮುಖ ನೆನಪಿರಲಿ: ಹೊಸ ಸರ್ವರ್‌ನಲ್ಲಿ ಅದೇ ಐಡಿಯ ವರ್ಕ್‌ಫ್ಲೋ ಇದ್ದರೆ ಅದರ ಮೇಲೆಯೇ ಬರೆದುಬಿಡುತ್ತದೆ. ಖಾಲಿ ಸರ್ವರ್‌ಗೆ ಇದರಿಂದ ತೊಂದರೆಯಿಲ್ಲ, ಕೆಲಸ ನಡೆಯುತ್ತಿರುವ ಸರ್ವರ್‌ಗೆ ಇದೆ.

ಕ್ರೆಡೆನ್ಷಿಯಲ್‌ಗಳಿಗೆ ಎರಡು ದಾರಿ. ‘ಡಿಕ್ರಿಪ್ಟೆಡ್’ ಎಂಬ ಆಯ್ಕೆ ಹಾಕಿದರೆ ಎಲ್ಲ ಪಾಸ್‌ವರ್ಡ್‌ಗಳೂ ಬೀಗ ತೆಗೆದು ಬರಿಗಣ್ಣಿಗೆ ಓದುವ ಹಾಗೆ ಫೈಲಿಗೆ ಬರುತ್ತವೆ. ಹೊಸ ಸರ್ವರ್‌ನ ಕೀ ಬೇರೆಯೇ ಇದ್ದರೆ ಇದೊಂದೇ ದಾರಿ. ಆದರೆ ಆ ಫೈಲ್ ಇರುವಷ್ಟು ಹೊತ್ತು ನಿಮ್ಮ ಗಲ್ಲಾಪೆಟ್ಟಿಗೆ ಬೀದಿಯಲ್ಲಿ ತೆರೆದಿಟ್ಟಂತೆ. ನಿಮ್ಮ ಸಂದರ್ಭದಲ್ಲಿ ಅದರ ಅಗತ್ಯವೇ ಇಲ್ಲ. ಹೊಸ ಸರ್ವರ್‌ಗೆ ಹಳೆಯ ಕೀಯನ್ನೇ ಕೊಡಿ. ‘ಎನ್8ಎನ್ ಎನ್‌ಕ್ರಿಪ್ಷನ್ ಕೀ’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇರುವುದು ಇದಕ್ಕೇ. ಆಗ ಬೀಗ ಹಾಕಿದ ಪೆಟ್ಟಿಗೆಗಳನ್ನು ಹಾಗೇ ಸಾಗಿಸಿದರೂ ಆ ಕಡೆ ತೆರೆದುಕೊಳ್ಳುತ್ತವೆ. ಒಂದೇ ಷರತ್ತು: ಹೊಸ ಸರ್ವರ್ ಈಗಾಗಲೇ ತನ್ನದೇ ಕೀ ಹುಟ್ಟಿಸಿಕೊಂಡು ಕಾನ್ಫಿಗ್ ಫೈಲಿನಲ್ಲಿ ಬರೆದುಕೊಂಡಿದೆ. ಎರಡೂ ಹೊಂದದಿದ್ದರೆ ‘ಕೀಗಳು ಹೊಂದುತ್ತಿಲ್ಲ’ ಎಂದು ಜಗಳ ತೆಗೆದು ಶುರುವೇ ಆಗುವುದಿಲ್ಲ. ಡೇಟಾಬೇಸ್ ಖಾಲಿ ಮಾಡಿ, ಆ ಕಾನ್ಫಿಗ್ ಫೈಲ್ ಅಳಿಸಿ, ಹಳೆಯ ಕೀ ಕೊಟ್ಟು ಶುರು ಮಾಡಿ. ಎಲ್ಲ ಅಳಿಸಿ ಎಂದು ಮೇಲೆ ಹೇಳಿದ್ದು ಅದಕ್ಕೇ.

ಹೊಸದರಲ್ಲಿ ಮಾಲೀಕರ ಖಾತೆ ಮೊದಲು ತೆರೆಯಿರಿ, ಆಮೇಲೆ ಕ್ರೆಡೆನ್ಷಿಯಲ್, ಆಮೇಲೆ ವರ್ಕ್‌ಫ್ಲೋ. ಹೊಸ ಸರ್ವರ್‌ನ ಎನ್8ಎನ್ ಆವೃತ್ತಿ ಹಳೆಯದಕ್ಕೆ ಸಮ ಇರಲಿ, ಅದಕ್ಕಿಂತ ಹಿಂದಿನದಂತೂ ಬೇಡ. ಹಳೆಯ ಎನ್8ಎನ್‌ಗೆ ಹೊಸ ನೋಡ್‌ಗಳ ಭಾಷೆ ಅರ್ಥವಾಗುವುದಿಲ್ಲ. ಸ್ಥಳಾಂತರದ ದಿನವೇ ಆವೃತ್ತಿಯನ್ನೂ ಏರಿಸುವ ಆಸೆ ಬಿಡಿ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ. ಕಂಪೋಸ್ ಫೈಲಿನಲ್ಲಿ ‘ಲೇಟೆಸ್ಟ್’ ಎಂದು ಬರೆಯದೆ ಆವೃತ್ತಿಯ ಸಂಖ್ಯೆ ಬರೆಯಿರಿ. ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವವರಿಗೆ ಕಾದಿರುವ ಸಣ್ಣ ಮುಳ್ಳೂ ಒಂದಿದೆ: ಹೆಸರಿಗೆ 128 ಅಕ್ಷರದ ಮಿತಿ ಇದೆ, ಎಸ್‌ಕ್ಯೂಲೈಟ್ ಅದನ್ನು ಕೇಳುವುದೇ ಇಲ್ಲ. ಫ್ರೀಲ್ಯಾನ್ಸರ್ ಯಾವುದಾದರೂ ವರ್ಕ್‌ಫ್ಲೋಗೆ ಕಥೆಯಷ್ಟು ಉದ್ದದ ಹೆಸರಿಟ್ಟಿದ್ದರೆ ಇಂಪೋರ್ಟ್ ಅಲ್ಲಿಗೇ ನಿಲ್ಲುತ್ತದೆ.

ಡೇಟಾಬೇಸ್ ಬದಲಾಗದೆ ಬರೀ ಸರ್ವರ್ ಬದಲಾಗುತ್ತಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಎನ್8ಎನ್ ನಿಲ್ಲಿಸಿ, ಆ ‘.ಎನ್8ಎನ್’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿದರೆ ಡೇಟಾಬೇಸ್, ಕೀ, ಕಮ್ಯುನಿಟಿ ನೋಡ್, ಖಾತೆಗಳು, ಹಳೆಯ ಓಟಗಳ ದಾಖಲೆ ಎಲ್ಲ ಒಟ್ಟಿಗೆ ಬರುತ್ತವೆ. ನೀವು ಕೇಳಿದ ಗಂಟಿಗೆ ಅತಿ ಹತ್ತಿರದ್ದು ಇದೇ. ನಿಲ್ಲಿಸದೆ ನಕಲು ಮಾಡಿದರೆ ಕೊನೆಯ ಕ್ಷಣದ ಬರಹಗಳು ತಪ್ಪಿಹೋಗಬಹುದು. ನಕಲು ಮಾಡಿದ ಮೇಲೆ ಫೋಲ್ಡರಿನ ಒಡೆತನವನ್ನು 1000 ಎಂಬ ಬಳಕೆದಾರ ಸಂಖ್ಯೆಗೆ ಕೊಡಬೇಕು, ಡಾಕರ್‌ನೊಳಗಿನ ‘ನೋಡ್’ ಎಂಬ ಬಳಕೆದಾರನ ಸಂಖ್ಯೆ ಅದು. ಇಲ್ಲದಿದ್ದರೆ ಅನುಮತಿ ಇಲ್ಲ ಎಂದು ನಿಂತುಬಿಡುತ್ತದೆ. ನಿಮಗೆ ಪೋಸ್ಟ್‌ಗ್ರೆಸ್ ಬೇಕೇ ಬೇಕೆಂದಿದ್ದರೆ ಮೇಲಿನ ದಾರಿಯಲ್ಲೇ ಹೋಗಿ. 30 ಚಿಲ್ಲರೆ ವರ್ಕ್‌ಫ್ಲೋಗೆ, ಒಂದೂರಿನ ಆರ್ಡರ್‌ಗಳಿಗೆ ಎಸ್‌ಕ್ಯೂಲೈಟ್ ಕೂಡ ಸಾಕು ಎಂಬುದು ನನ್ನ ಅಭಿಪ್ರಾಯ, ಆದರೆ ಅದಕ್ಕಾಗಿ ನಿಮ್ಮ ನಿರ್ಧಾರ ಬದಲಿಸಬೇಕಿಲ್ಲ.

ಗೂಗಲ್ ಶೀಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಮೂರು ತೊಡಕು ಒಂದರ ಮೇಲೊಂದು ಕೂತಿರುತ್ತವೆ. ಕೀ ಸಮೇತ ಸಾಗಿಸಿದರೆ ಗೂಗಲ್ ಕೊಟ್ಟ ರಿಫ್ರೆಶ್ ಟೋಕನ್ (ಮತ್ತೆ ಮತ್ತೆ ಲಾಗಿನ್ ಕೇಳದಂತೆ ಮಾಡುವ ಪರವಾನಗಿ) ಕೂಡ ಜೊತೆಗೆ ಬರುತ್ತದೆ, ಡೊಮೈನ್ ಬದಲಾದರೂ ಅದು ನಡೆಯುತ್ತದೆ. ಮರುಸಂಪರ್ಕ ಬೇಕಾದ ದಿನ ಮಾತ್ರ ಗೂಗಲ್ ‘ಈ ವಿಳಾಸ ನನ್ನ ಪಟ್ಟಿಯಲ್ಲಿಲ್ಲ’ ಎನ್ನುತ್ತದೆ. ಹೊಸ ಡೊಮೈನಿನ ಓಆತ್ ಕಾಲ್‌ಬ್ಯಾಕ್ ವಿಳಾಸವನ್ನು (ಅನುಮತಿ ಕೊಟ್ಟ ಮೇಲೆ ಗೂಗಲ್ ಮರಳಿ ಕಳಿಸುವ ವಿಳಾಸ) ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಈಗಲೇ ಸೇರಿಸಿಡಿ, ಆ ವಿಳಾಸವನ್ನು ಕ್ರೆಡೆನ್ಷಿಯಲ್ ಪುಟವೇ ತೋರಿಸುತ್ತದೆ. ಎರಡನೆಯದು, ಆ ಕನ್ಸೋಲ್‌ನಲ್ಲಿ ನಿಮ್ಮ ಆ್ಯಪ್ ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಇದ್ದರೆ ಟೋಕನ್‌ನ ಆಯುಷ್ಯ 7 ದಿನ ಮಾತ್ರ. ಕೈಯಲ್ಲಿ ಮರುಸಂಪರ್ಕ ಮಾಡಿದವರು ಮುಂದಿನ ವಾರ ಮತ್ತೆ ಕೆಟ್ಟಿತೆಂದು ಹೊಸ ಸರ್ವರ್ ಬೈಯುವುದನ್ನು ನೋಡಿದ್ದೇನೆ. ಸರ್ವರ್‌ನದ್ದು ಏನೂ ತಪ್ಪಿಲ್ಲ.

ಮೂರನೆಯದು ತಾಂತ್ರಿಕವಲ್ಲ, ಅದೇ ಹೆಚ್ಚು ಕಷ್ಟ. ಆ ಗೂಗಲ್ ಕ್ಲೌಡ್ ಪ್ರಾಜೆಕ್ಟ್ ಯಾರ ಹೆಸರಿನಲ್ಲಿದೆ? ಬಹಳ ಸಲ ಫ್ರೀಲ್ಯಾನ್ಸರ್‌ನ ಸ್ವಂತ ಜಿಮೇಲ್‌ನಲ್ಲಿ ಇರುತ್ತದೆ. ಬಾಟ್ ಕೂಡ ಹಾಗೇ, ಬಾಟ್‌ಗಳನ್ನು ಹುಟ್ಟಿಸಿಕೊಡುವ ಟೆಲಿಗ್ರಾಂನದೇ ಬಾಟ್‌ಫಾದರ್ ಬಳಿ ಅದನ್ನು ಹುಟ್ಟಿಸಿದವರ ಟೆಲಿಗ್ರಾಂ ಖಾತೆಗೆ ಸೇರಿದ್ದು ಅದು. ಸಂಬಂಧ ಚೆನ್ನಾಗಿರುವಾಗಲೇ ಕೇಳಿ ಪಡೆಯಿರಿ. ಬಾಟ್‌ನ ಒಡೆತನವನ್ನು ಬಾಟ್‌ಫಾದರ್ ಮೂಲಕವೇ ವರ್ಗಾಯಿಸಬಹುದು. ಗೂಗಲ್ ಪ್ರಾಜೆಕ್ಟ್‌ಗೆ ನಿಮ್ಮ ಸಂಸ್ಥೆಯ ಮೇಲ್ ವಿಳಾಸವನ್ನು ಮಾಲೀಕರಾಗಿ ಸೇರಿಸಿಕೊಳ್ಳಬಹುದು. ಫ್ರೀಲ್ಯಾನ್ಸರ್ ಕೆಟ್ಟವರೆಂದು ಹೇಳುತ್ತಿಲ್ಲ. ಮೂರು ವರ್ಷ ಬಿಟ್ಟು ಅವರಿಗೆ ಆ ಜಿಮೇಲ್‌ನ ಪಾಸ್‌ವರ್ಡೇ ನೆನಪಿರುವುದಿಲ್ಲ, ಅಷ್ಟೇ.

ಜೇಸನ್ ಫೈಲಿನಲ್ಲಿ ಏನಿಲ್ಲ ಎಂದು ಇಷ್ಟು ಹೊತ್ತು ಹೇಳಿದೆ. ಇರಬಾರದ್ದು ಇರುವುದೂ ಉಂಟು. ವರ್ಕ್‌ಫ್ಲೋ ಕಟ್ಟುವಾಗ ಪರೀಕ್ಷೆಗೆಂದು ನಿಜವಾದ ಆರ್ಡರ್ ಒಂದನ್ನು ‘ಪಿನ್’ ಮಾಡಿದ್ದರೆ, ಅಂದರೆ ಮಾದರಿಯಾಗಿ ಅಲ್ಲೇ ಉಳಿಸಿದ್ದರೆ, ಆ ಗಿರಾಕಿಯ ಹೆಸರು, ಫೋನ್ ನಂಬರ್ ಎಲ್ಲ ಫೈಲಿನೊಳಗೆ ಬರುತ್ತದೆ. ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್‌ಗೆ ಎಲ್ಲಿಂದಲೋ ಕರ್ಲ್ ಕಮಾಂಡ್ (ವೆಬ್ ಸೇವೆಯನ್ನು ಕರೆಯುವ ಸಿದ್ಧ ಸಾಲು) ತಂದು ಅಂಟಿಸಿದ್ದರೆ ಅದರ ಹೆಡರ್‌ನಲ್ಲಿದ್ದ ಎಪಿಐ ಕೀ ಕೂಡ ಯಾವ ಬೀಗವೂ ಇಲ್ಲದೆ ಅಲ್ಲೇ ಕೂತಿರುತ್ತದೆ. ಸಹಾಯ ಕೇಳಲು ಟೆಲಿಗ್ರಾಂ ಗುಂಪುಗಳಲ್ಲಿ ಫೈಲ್ ಹಾಕುವ ಮುಂಚೆ ಒಮ್ಮೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಆಥರೈಸೇಶನ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ ನೋಡಿ.

ಇವಲ್ಲದೆ ವರ್ಕ್‌ಫ್ಲೋಗಳ ಹೊರಗೇ ಇರುವ ಒಂದು ಸಂಗತಿ: ಐಪಿ ವಿಳಾಸ. ನಮ್ಮಲ್ಲಿ ಎಸ್‌ಎಂಎಸ್ ಕಳಿಸುವವರು, ಬ್ಯಾಂಕಿನ ಎಪಿಐಗಳು, ಕೆಲವು ಲೆಕ್ಕಪತ್ರ ಸಾಫ್ಟ್‌ವೇರ್‌ಗಳು ಗೊತ್ತಿರುವ ಐಪಿಯಿಂದ ಬಂದ ಕರೆಗಷ್ಟೇ ಬಾಗಿಲು ತೆರೆಯುತ್ತವೆ. ಹೊಸ ಸರ್ವರ್‌ನ ಐಪಿಯನ್ನು ಪಟ್ಟಿಗೆ ಸೇರಿಸಲು ಅವರಿಗೆ ಮೇಲ್ ಕಳಿಸಿ ಎರಡು ಮೂರು ದಿನ ಕಾಯಬೇಕಾಗಬಹುದು. ಹಾಗಾಗಿ ಆ ಮೇಲ್ ಭಾನುವಾರವಲ್ಲ, ಈ ವಾರವೇ ಹೋಗಲಿ.

ಡೊಮೈನ್ ವಿಷಯದಲ್ಲಿ ನಿಮಗೊಂದು ಸುಲಭ ದಾರಿ ಇದೆ. ವೆಬ್‌ಹುಕ್‌ನ ವಿಳಾಸದಲ್ಲಿ ಡೊಮೈನಿನ ನಂತರದ ಭಾಗ ವರ್ಕ್‌ಫ್ಲೋ ಒಳಗೇ ಇರುತ್ತದೆ, ಅದು ಬದಲಾಗುವುದಿಲ್ಲ. ಹಳೆಯ ಡೊಮೈನನ್ನೇ ಡಿಎನ್‌ಎಸ್‌ನಲ್ಲಿ ಹೊಸ ಸರ್ವರ್‌ಗೆ ತಿರುಗಿಸಿದರೆ ಹೊರಗಿನ ಯಾರಿಗೂ ಹೊಸ ವಿಳಾಸ ಹೇಳಬೇಕಾಗಿಲ್ಲ, ಗೂಗಲ್‌ನ ಕಾಲ್‌ಬ್ಯಾಕ್ ರಗಳೆಯೂ ಇಲ್ಲ. ಡೊಮೈನ್ ಬದಲಿಸುವ ಬೇರೆ ಕಾರಣವಿಲ್ಲದಿದ್ದರೆ ಹಾಗೇ ಮಾಡಿ. ಸರ್ವರ್ ಮುಂದೆ ಹೊರಗಿನ ಕರೆಗಳನ್ನು ಒಳಗೆ ದಾಟಿಸುವ ಎನ್‌ಜಿನ್ಎಕ್ಸ್ ಅಥವಾ ಕ್ಯಾಡಿ ಇಟ್ಟಿದ್ದರೆ ‘ವೆಬ್‌ಹುಕ್ ಯುಆರ್‌ಎಲ್’ ಎಂಬ ವೇರಿಯಬಲ್ ತುಂಬುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎನ್8ಎನ್ ತನ್ನ ಒಳಗಿನ ವಿಳಾಸವನ್ನು, ಕೊನೆಯಲ್ಲಿ 5678 ಎಂಬ ಪೋರ್ಟ್ ಸಮೇತ, ಹೊರಗಿನವರಿಗೆ ಕೊಡುತ್ತದೆ. ಟೆಲಿಗ್ರಾಂ ಆ ಪೋರ್ಟ್‌ಗೆ ಬರುವುದೇ ಇಲ್ಲ. ಅದಕ್ಕೆ 443, 80, 88, 8443 ಇಷ್ಟೇ ಗೊತ್ತು.

ಇಂಪೋರ್ಟ್ ಆದ ವರ್ಕ್‌ಫ್ಲೋಗಳು ಸಾಮಾನ್ಯವಾಗಿ ಆಫ್ ಸ್ಥಿತಿಯಲ್ಲೇ ಬಂದು ಕೂರುತ್ತವೆ. ಇದು ಒಳ್ಳೆಯದೇ. ಒಂದೊಂದನ್ನೂ ತೆರೆದು, ಕೈಯಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ಆನ್ ಮಾಡಿ. ಮೇಲ್ ಬಂತೇ, ಶೀಟ್‌ನಲ್ಲಿ ಹೊಸ ಸಾಲು ಬಂತೇ ಎಂದು ಐದು ನಿಮಿಷಕ್ಕೊಮ್ಮೆ ಇಣುಕಿ ನೋಡುವ ಟ್ರಿಗರ್‌ಗಳ ಬಗ್ಗೆ ಮಾತ್ರ ಎಚ್ಚರ. ಕೊನೆಯ ಸಲ ಎಲ್ಲಿಯವರೆಗೆ ನೋಡಿದ್ದೆ ಎಂಬ ನೆನಪನ್ನು ಅವು ಇಟ್ಟುಕೊಂಡಿರುತ್ತವೆ. ಆ ನೆನಪು ಜೊತೆಗೆ ಬಂದೇ ಇರುತ್ತದೆ ಎಂದು ನಂಬಿ ಕೂರಬೇಡಿ. ಮೊದಲ ಓಟದಲ್ಲಿ ಅದರ ಮುಂದಿನ ‘ಸಂದೇಶ ಕಳಿಸು’ ನೋಡ್‌ಗಳನ್ನು ನಿಷ್ಕ್ರಿಯ ಮಾಡಿ, ಏನು ಹಿಡಿದುಕೊಂಡು ಬರುತ್ತದೆ ನೋಡಿ. ಕಳೆದ ತಿಂಗಳ ಆರ್ಡರ್‌ಗಳಿಗೆಲ್ಲ ಇವತ್ತು ‘ನಿಮ್ಮ ಮಾಲು ಹೊರಟಿದೆ’ ಎಂಬ ಸಂದೇಶ ಹೋದರೆ ಅಂಗಡಿಯವರಿಗೆ ಉತ್ತರ ಹೇಳಬೇಕಾದವರು ನೀವು.

ಮುಂದೆ ಒಂದು ಪರೀಕ್ಷಾ ಸರ್ವರ್ ಇಟ್ಟುಕೊಂಡು, ಅಲ್ಲಿ ತಿದ್ದಿ ಇಲ್ಲಿಗೆ ತರುವ ಯೋಚನೆ ಇದ್ದರೆ ಒಂದು ಉಪಾಯ ಹೇಳುತ್ತೇನೆ. ಎನ್8ಎನ್‌ನ ದುಡ್ಡು ಕೊಡುವ ಆವೃತ್ತಿಯಲ್ಲಿ ಇದಕ್ಕೆಂದೇ ಗಿಟ್ (ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆ) ಸೌಲಭ್ಯವಿದೆ. ಉಚಿತದಲ್ಲಿ ಇಲ್ಲ, ಆದರೂ ನಡೆಯುತ್ತದೆ. ಈಗ ಎಲ್ಲ ಕ್ರೆಡೆನ್ಷಿಯಲ್‌ಗಳನ್ನೂ ಐಡಿ ಸಮೇತ ಒಮ್ಮೆ ಪರೀಕ್ಷಾ ಸರ್ವರ್‌ಗೂ ಇಂಪೋರ್ಟ್ ಮಾಡಿ. ಆಮೇಲೆ ಅಲ್ಲಿ ಒಳಗಿನ ವಿವರಗಳನ್ನು ಮಾತ್ರ ಬದಲಿಸಿ: ಬೇರೆ ಬಾಟ್‌ನ ಟೋಕನ್, ಬೇರೆ ಗೂಗಲ್ ಖಾತೆ. ಐಡಿ ಎರಡೂ ಕಡೆ ಒಂದೇ. ಇನ್ನು ಮೇಲೆ ವರ್ಕ್‌ಫ್ಲೋ ಫೈಲ್ ಮಾತ್ರ ಓಡಾಡುತ್ತದೆ. ಅದು ಯಾವ ಸರ್ವರ್‌ಗೆ ಹೋದರೂ ಅಲ್ಲಿನ ಬಾಟ್‌ನ ಟೋಕನ್ನೇ ಅದಕ್ಕೆ ಸಿಗುತ್ತದೆ. ಶೀಟ್‌ನ ಐಡಿ ನೋಡ್‌ನೊಳಗೇ ಇರುವುದರಿಂದ ಅದನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು. ಕ್ರೆಡೆನ್ಷಿಯಲ್ ಫೈಲ್ ಮತ್ತೆಂದೂ ಸಾಗಿಸಬೇಡಿ, ಸಾಗಿಸಿದರೆ ಪರೀಕ್ಷೆಯ ಟೋಕನ್ ಬಂದು ನಿಜವಾದದ್ದರ ಮೇಲೆ ಕೂರುತ್ತದೆ. ಕಮಾಂಡ್ ಲೈನ್‌ನಿಂದ ಇಂಪೋರ್ಟ್ ಮಾಡಿದ ಮೇಲೆ ಎನ್8ಎನ್ ಒಮ್ಮೆ ಮರುಪ್ರಾರಂಭಿಸುವ ಅಭ್ಯಾಸ ಇಟ್ಟುಕೊಳ್ಳಿ. ಓಡುತ್ತಿರುವ ಸರ್ವರ್‌ಗೆ ಹಿತ್ತಿಲ ಬಾಗಿಲಿನಿಂದ ಬಂದ ಬದಲಾವಣೆ ಕೂಡಲೇ ತಿಳಿಯದೇ ಹೋಗಬಹುದು.

ಕೊನೆಗೆ ಹಳೆಯ ಸರ್ವರ್. ಅದನ್ನು ಅಳಿಸಲು ಆತುರ ಬೇಡ, ಕನಿಷ್ಠ ಒಂದು ಪೂರ್ತಿ ತಿಂಗಳು ಇರಲಿ. ತಿಂಗಳ 1ರಂದು ಮಾತ್ರ ಓಡುವ, ಎಲ್ಲರೂ ಮರೆತ ಒಂದು ವರ್ಕ್‌ಫ್ಲೋ ಎಲ್ಲ ಕಡೆಯೂ ಇರುತ್ತದೆ. ಆದರೆ ಬರೀ ನಿಲ್ಲಿಸಿದರೆ ಸಾಲದು. ಕಂಪೋಸ್ ಫೈಲಿನಲ್ಲಿ ‘ರೀಸ್ಟಾರ್ಟ್: ಆಲ್ವೇಸ್’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಇದ್ದರೆ ಅದನ್ನು ‘ನೋ’ ಮಾಡಿ. ಮೇಲೆ ಹೇಳಿದಂತೆ ವರ್ಕ್‌ಫ್ಲೋಗಳೂ ಆಫ್ ಇರಬೇಕು. ಅವು ಆನ್ ಇದ್ದು, ಬಾಡಿಗೆ ಕೊಟ್ಟವರು ಒಂದು ರಾತ್ರಿ ತಮ್ಮ ಕಡೆಯ ರಿಪೇರಿಗೆಂದು ಯಂತ್ರವನ್ನು ರೀಬೂಟ್ ಮಾಡಿದರೆ ಹಳೆಯ ಎನ್8ಎನ್ ತಾನಾಗಿ ಎದ್ದು ಕೂತು, ಮೊದಲ ಕೆಲಸವಾಗಿ ಟೆಲಿಗ್ರಾಂಗೆ ತನ್ನ ವಿಳಾಸ ಕೊಡುತ್ತದೆ. ಬೆಳಿಗ್ಗೆ ಆರ್ಡರ್‌ಗಳು ಹಳೆಯ ಸರ್ವರ್‌ಗೆ ಹೋಗುತ್ತಿರುತ್ತವೆ, ನೀವು ಹೊಸದರ ಲಾಗ್ ನೋಡುತ್ತಾ ಕೂತಿರುತ್ತೀರಿ.